ಜೋಡಿ ಎಲೆ

ಸೊಸೆ ಬಂದ ಮನೆಯಲ್ಲಿ ಅತ್ತೆ ಬಸುರಾಗಬಾರದು. ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಆದರೆ ಸಿಂದಗಿ ತಾಲೂಕಿನ ಯಾವ ಹಳ್ಳಿಗಾದರೂ ಹೋಗಿ ಕೇಳಿ, ಶಾಸ್ತ್ರಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ. ಮಾವ ಕಳ್ಳತನ ಮಾಡಿ ಸಿಕ್ಕುಬಿದ್ದರೆ ಊರು ನಾಲ್ಕು ದಿನ ಆಡಿಕೊಂಡು ಬಿಡುತ್ತದೆ. ಅತ್ತೆ ಬಸುರಾದರೆ ಹುಟ್ಟಿದ ಕೂಸಿಗೆ ಮೀಸೆ ಬರುವ ತನಕ ಆಡಿಕೊಳ್ಳುತ್ತದೆ.

ಕನ್ನೊಳ್ಳಿಯ ಆಚೆ ಎರೆಹೊಲಗಳ ನಡುವಿನ ಹಳ್ಳಿಯೊಂದರ ದುರ್ಗವ್ವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದೊಮ್ಮೆ ಕೆಳಗಿನ ಓಣಿಯ ಹೆಂಗಸೊಬ್ಬಳಿಗೆ ಹೀಗಾದಾಗ ಬಾವಿಕಟ್ಟೆಯ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ. "ತೊಟ್ಟಿಲಾ ಒಂದ, ಮಗಾ ಮೊಮ್ಮಗಾ ಇಬ್ಬರು. ಪಾಳಿ ಹಚ್ಚಿ ಮಲಗಸ್ರಿ" ಎಂದು ಇವಳಾಡಿದ ಮಾತು ಓಣಿಯಿಂದ ಓಣಿಗೆ ಹೋಗಿತ್ತು. ಆ ಹೆಂಗಸು ನೀರಿಗೆ ಬರುವ ಹೊತ್ತನ್ನೇ ಬದಲಿಸಿದಳು. ದುರ್ಗವ್ವ ಅದನ್ನು ಗಮನಿಸಲೂ ಇಲ್ಲ.

ಹಾಗಂತ ದುರ್ಗವ್ವ ಕೆಟ್ಟವಳಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಗಂಡ ಭೀಮಶ್ಯಾ ಎತ್ತಿನ ಸಂತೆ, ಚಾವಡಿಯ ಪಂಚಾಯ್ತಿ ಎಂದು ಹೊರಗಿನ ಮನುಷ್ಯ. ಹೊಲ ಮಾತ್ರ ದುರ್ಗವ್ವನದು. ಕಾಗದದಲ್ಲಿ ಅವಳ ಹೆಸರಿರಲಿಲ್ಲ, ಆದರೆ ಬಿತ್ತುವ ಮುಂಚೆ ಮಣ್ಣು ಹಿಡಿಯಲ್ಲಿ ಹಿಂಡಿ ನೋಡಿ "ಇವತ್ತ ಬ್ಯಾಡ" ಎಂದು ಅವಳು ಅಂದರೆ ಭೀಮಶ್ಯಾ ಕೂರಿಗೆ ಇಳಿಸಿ ಸುಮ್ಮನೆ ಮನೆಗೆ ಬರುತ್ತಿದ್ದ.

ಆ ಹೊಲದ ತುಂಡುತುಂಡಿಗೂ ಹೆಸರಿತ್ತು, ಹೆಸರೆಲ್ಲ ಹೆಂಗಸರವು. ಅತ್ತೆಯ ಅತ್ತೆ ಕಸ ತೆಗೆಯುತ್ತಲೇ ಹೆತ್ತ ಜಾಗ ನೀಲವ್ವನ ಪಟ್ಟಿ. ಬರದ ವರ್ಷ ಒಬ್ಬಳೇ ಕಲ್ಲು ಹೊತ್ತು ಕಟ್ಟಿದಾಕೆಯದು ಕಲ್ಲವ್ವನ ಒಡ್ಡು. ಏನು ಬಿತ್ತಿದರೂ ಏಳದ ಮೂಲೆಯ ಕರಲು ನೆಲಕ್ಕೆ ಮಕ್ಕಳಾಗದೆ ಸತ್ತ ಒಬ್ಬ ಸಣ್ಣತ್ತೆಯ ಹೆಸರಿತ್ತು, ಅದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಸರ್ಕಾರದ ನಕಾಶೆಯಲ್ಲಿ ಇವೊಂದೂ ಇಲ್ಲ. ಸರ್ಕಾರಕ್ಕೆ ಸರ್ವೆ ನಂಬರು ಸಾಕು. ಹೊಸ ಸೊಸೆ ಮನೆಗೆ ಬಂದಾಗ ಅತ್ತೆಯಾದವಳು ಅವಳನ್ನು ಹೊಲಕ್ಕೆ ಕರೆದೊಯ್ದು ಈ ಹೆಸರುಗಳನ್ನೆಲ್ಲ ಹೇಳಿಕೊಡಬೇಕು. ದುರ್ಗವ್ವ ತನ್ನ ಸೊಸೆ ರುಕ್ಮವ್ವನಿಗೂ ಹಾಗೇ ಹೇಳಿಕೊಟ್ಟಿದ್ದಳು.

ಇನ್ನು ಸೀಗಿ ಹುಣ್ಣಿಮೆ. ಅಂದು ನಮ್ಮ ಕಡೆ ಭೂಮಿ ಬಸುರಿ. ಹಿಂಗಾರಿಯ ಬೀಜ ಹೊಟ್ಟೆಯೊಳಗೆ ಇರುತ್ತದೆ, ಬಸುರಿಗೆ ಬಯಕೆ ಇರುತ್ತದೆ. ಹಾಗಾಗಿ ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ ಮಾಡಿ, ಬುಟ್ಟಿ ಹೊತ್ತು ಹೋಗಿ ಅವಳಿಗೆ ಉಣಿಸಿ ಬರುತ್ತಾರೆ. ಇಷ್ಟು ಎಲ್ಲ ಕಡೆಯೂ ಉಂಟು. ದುರ್ಗವ್ವನ ಹೊಲದಲ್ಲಿ ಮಾತ್ರ ಇನ್ನೊಂದು ಪದ್ಧತಿ ಇತ್ತು, ಅದಕ್ಕೆ ಜೋಡಿ ಎಲೆ ಎನ್ನುತ್ತಿದ್ದರು. ಬನ್ನಿಗಿಡದ ಬುಡದಲ್ಲಿ ಒಂದೇ ದೊಡ್ಡ ಪತ್ರಾವಳಿ ಹಾಸಿ ಎಲ್ಲ ಅಡುಗೆ ಬಡಿಸುವುದು. ಅದರಲ್ಲಿ ಅರ್ಧ ಮಣ್ಣಿಗೆ, ಇನ್ನರ್ಧ ಅಲ್ಲಿಗೆ ಬಂದ ಬಸುರಿಗೆ. ಸುತ್ತಲಿನ ಹೊಲಗಳ ಹೆಂಗಸರೆಲ್ಲ ಸೇರುತ್ತಿದ್ದರು, ಒಡ್ಡಿನಾಚೆಯ ಜೈತುನಬಿಯ ಮನೆಯವರೂ ಬರುತ್ತಿದ್ದರು. ಆ ಹೊಲದ ಹಿರಿಯಾಕೆ ಎದ್ದು ನಿಂತು, "ತಾಯಿ ಒಬ್ಬಾಕೀನ ಉಣ್ಣಾಂಗಿಲ್ಲ, ಜೋಡಿ ಯಾರ ಬರ್ತೀರಿ?" ಎಂದು ಕರೆಯಬೇಕು. ಯಾರೂ ಬಸುರಿಯರಿಲ್ಲದಿದ್ದರೆ ಚಿಂತೆಯಿಲ್ಲ, ಎಲ್ಲವನ್ನೂ ಮಣ್ಣಿಗೆ ಕೊಡುತ್ತಾರೆ. ಆದರೆ ಬಸುರಿಯೊಬ್ಬಳು ಅಲ್ಲೇ ಇದ್ದು ಮುಚ್ಚಿಟ್ಟುಕೊಂಡು ಕೂತರೆ ಆ ವರ್ಷ ಸುತ್ತಲಿನ ಹೊಲಗಳ ಜೋಳವೆಲ್ಲ ಜೊಳ್ಳು ಎಂಬ ನಂಬಿಕೆ. ಅತ್ತೆ ಸತ್ತಾಗಿನಿಂದ ಹಾಗೆ ಕರೆಯುವವಳು ದುರ್ಗವ್ವ. ಅವಳು ಕೂಗಿದರೆ ಮೂರು ಹೊಲದಾಚೆಗೆ ಕೇಳಿಸುತ್ತಿತ್ತು.

ವಿಜಾಪುರ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲದಲ್ಲಿ ದುರ್ಗವ್ವನ ಮುಟ್ಟು ನಿಂತಿತು. ಅವಳಿಗೆ ಸಂತೋಷವಾಯಿತು. ವಯಸ್ಸಾಯಿತು, ನಿಂತಿತು ಎಂದುಕೊಂಡಳು. ಮುಟ್ಟಾದವರು ಬೆಳೆಯೊಳಗೆ ಕಾಲಿಡುವಂತಿಲ್ಲ. ತಿಂಗಳು ತಿಂಗಳೂ ಹಿತ್ತಲಲ್ಲಿ ಕೂತು, ಹೊಲದಲ್ಲಿ ಆಳುಗಳು ಏನು ಹಾಳು ಮಾಡುತ್ತಿದ್ದಾರೋ ಎಂದು ಬೇಯುವುದು ಅವಳಿಗೆ ಸಾಕಾಗಿತ್ತು. ಇನ್ನು ತಿಂಗಳೆಲ್ಲ ಹೊಲ ನನ್ನದೇ ಎಂದು ರುಕ್ಮವ್ವನ ಮುಂದೆ ಹೇಳಿಕೊಂಡು ನಕ್ಕಿದ್ದಳು.

ಆಮೇಲೆ ಒಂದು ದಿನ ಮಧ್ಯಾಹ್ನ ಮಳೆ ಹೊಯ್ದು ನಿಂತಾಗ ನೀಲವ್ವನ ಪಟ್ಟಿಯಲ್ಲಿ ಮಣ್ಣಿನ ವಾಸನೆ ಎದ್ದಿತು. ದುರ್ಗವ್ವ ಕಸ ತೆಗೆಯುವ ಕುರ್ಚಿಗೆಯನ್ನು ಕೆಳಗಿಟ್ಟು ಒಂದು ಮಣ್ಣಿನ ಹೆಂಟೆ ಮುರಿದು ಬಾಯಿಗೆ ಹಾಕಿಕೊಂಡಳು. ಅದು ಕರಗಿ ಗಂಟಲಿಗೆ ಇಳಿದಾಗ ಎಷ್ಟೋ ದಿನದಿಂದ ಇಂಥದೇ ಏನೋ ಬೇಕಾಗಿತ್ತು ಅನ್ನಿಸಿತು. ಇನ್ನೊಂದು ತುಂಡು ಮುರಿದಳು. ಮೂರನೆಯದು ಬಾಯಲ್ಲಿರುವಾಗ ಅವಳಿಗೆ ತಿಳಿಯಿತು. ಮಗ ಸಿದ್ರಾಮ ಹೊಟ್ಟೆಯಲ್ಲಿದ್ದಾಗಲೂ ಅವಳು ಇದೇ ಪಟ್ಟಿಯ ಮಣ್ಣು ತಿಂದಿದ್ದಳು. ಅವಳು ಬಾಯಲ್ಲಿದ್ದುದನ್ನು ಉಗುಳಿ, ಸೆರಗಿನಿಂದ ನಾಲಿಗೆ ಒರೆಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ತಿರುಗಿದಳು. ಯಾರೂ ಇರಲಿಲ್ಲ, ಆದರೂ ಮೈಯೆಲ್ಲ ಬಿಸಿಯಾಯಿತು.

ಜೈತುನಬಿ ಆ ಸೀಮೆಯ ಸೂಲಗಿತ್ತಿ. ಸಿದ್ರಾಮನನ್ನು ಹೆರಿಸಿದವಳೂ ಅವಳೇ. ದುರ್ಗವ್ವ ಬೀಸುವ ಕಲ್ಲು ಕೇಳುವ ನೆಪ ಮಾಡಿಕೊಂಡು ಅವಳ ಮನೆಗೆ ಹೋದಳು. ಜೈತುನಬಿ ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆದು, ಒಲೆಯ ಮುಂದೆ ಕೂತಳು.

"ಏನರ ಔಷಧ ಕೊಡು" ಎಂದಳು ದುರ್ಗವ್ವ.

"ನಾ ಹೊರಗ ತರಾಕಿ, ಕೀಳಾಕಿ ಅಲ್ಲ" ಎಂದಳು ಜೈತುನಬಿ.

"ಸೊಸಿ ಬಂದ ಮನಿ ಐತಿ. ನನಗ ನಾಚಿಕಿಲೆ ಸಾಯೂ ಹಂಗ ಆಗೈತಿ."

"ನಿಮ್ಮ ಹೊಲಕ್ಕ ವಯಸ್ಸೆಷ್ಟ? ನಿನ್ನ ಅತ್ತೀಕಿಂತ ಮುದುಕಿ ಅದು. ಪ್ರತಿ ವರ್ಷ ಬಸರ ಆಗತೈತಿ. ನೀ ಹೋಗಿ ಹಬ್ಬ ಮಾಡ್ತಿ, ಕಡಬ ಉಣಸ್ತಿ. ಅದಕ್ಕೇನು ನಾಚಿಕಿ ಐತೇನು?"

"ಹೊಲಕ್ಕ ಓಣಿ ಇಲ್ಲ ಜೈತುನಬಿ. ಹೊಲಕ್ಕ ಬಾಜೂಮನಿ ಹುಲಿಗೆವ್ವ ಇಲ್ಲ."

ಜೈತುನಬಿಗೆ ನಗು ಬಂತು, ತಡೆದುಕೊಂಡಳು. ಯಾರಿಗೂ ಹೇಳುವುದಿಲ್ಲ ಎಂದು ಒಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದಳು. ಸೂಲಗಿತ್ತಿಯ ಬಾಯಿ ಸಡಿಲಾದರೆ ಅವಳನ್ನು ಯಾರು ಕರೆಯುತ್ತಾರೆ?

ಗಂಡನಿಗೆ ಹೇಳಿದಾಗ ಭೀಮಶ್ಯಾ ಬಹಳ ಹೊತ್ತು ತನ್ನ ಚಪ್ಪಲಿಯನ್ನೇ ನೋಡಿದ. ಮರುದಿನದಿಂದ ರುಮಾಲು ಹುಬ್ಬಿನ ತನಕ ಇಳಿಸಿ ಕಟ್ಟತೊಡಗಿದ. ಚಾವಡಿಗೆ ಹೋಗುವುದು ಬಿಟ್ಟು ಇಂಡಿಯ ಸಂತೆ, ಮುದ್ದೇಬಿಹಾಳದ ಸಂತೆ ಎಂದು ಇಲ್ಲದ ಎತ್ತು ಹುಡುಕಿಕೊಂಡು ಊರೂರು ತಿರುಗಿದ. ಗಂಡಸಿನ ನಾಚಿಕೆಗೆ ಸಂತೆಯಾದರೂ ಇದೆ. ಹೆಂಗಸು ತನ್ನದನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡು ಅದೇ ಬಾವಿಗೆ ನೀರಿಗೆ ಹೋಗಬೇಕು.

ಹುಲಿಗೆವ್ವ ಪಕ್ಕದ ಮನೆಯವಳು. ಎರಡು ಮನೆಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ, ಹುಲಿಗೆವ್ವನ ಕಿವಿಗೆ ಅದು ಇದ್ದೂ ಇಲ್ಲದ ಹಾಗೆ. ಒಂದು ಮುಂಜಾನೆ ದುರ್ಗವ್ವ ಬಣವೆಯ ಹಿಂದೆ ಬಗ್ಗಿ ಕಾರಿಕೊಳ್ಳುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂತು.

"ಯಾರವ್ವ ಅದು, ಕಾರಾಕತ್ತಾರಲ್ಲ?"

ದುರ್ಗವ್ವ ಯೋಚಿಸಲಿಲ್ಲ. ಹಾವು ಕಂಡವನು ಹಿಂದೆ ಜಿಗಿಯುವ ಹಾಗೆ ಅವಳ ಬಾಯಿ ತಾನೇ ಮಾತಾಡಿತು. "ಸೊಸಿರೀ. ಪಿತ್ತ ಆಗೈತಿ ಅಕಿಗೆ."

"ಪಿತ್ತ" ಎಂದಳು ಹುಲಿಗೆವ್ವ. ಆ ಒಂದು ಮಾತನ್ನು ಅವಳು ಬೆಲ್ಲದ ಹರಳಿನ ಹಾಗೆ ಬಾಯಲ್ಲಿ ಒಂದು ಸುತ್ತು ತಿರುಗಿಸಿ ಒಳಗೆ ಹೋದಳು.

ದುರ್ಗವ್ವನಿಗೆ ಮೊದಲು ಅನ್ನಿಸಿದ್ದು ಬಚಾವಾದೆ ಎಂದು. ಎಳೆಯ ಸೊಸೆಗೆ ಪಿತ್ತವಾಗುವುದು ಒಳ್ಳೆಯ ಸುದ್ದಿ, ಊರು ಖುಷಿಪಡುತ್ತದೆ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಅವಳ ಕಾಲು ನಿಂತುಹೋದವು. ಸಿದ್ರಾಮ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಹಿಡಿದು ಇಂಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದು ಹೋಳಿ ಹುಣ್ಣಿಮೆಯ ಮಾರನೇ ದಿನ. ಆಮೇಲೆ ಯುಗಾದಿಗೂ ಬಂದಿರಲಿಲ್ಲ, ನಾಗರ ಪಂಚಮಿಗೂ ಬಂದಿರಲಿಲ್ಲ.

ಅವಳು ಗೋಡೆಯ ಹತ್ತಿರ ಹೋಗಿ, "ಹುಲಿಗೆವ್ವಾ, ನಾ ಅಂದಿದ್ದು" ಎಂದು ಶುರುಮಾಡಿದಳು. ಮುಂದೆ ಏನು ಹೇಳುವುದು? ಸೊಸೆ ಅಲ್ಲ ಎಂದರೆ ಇನ್ನು ಆ ಮನೆಯಲ್ಲಿ ಇರುವ ಹೆಂಗಸು ಒಬ್ಬಳೇ. ಹುಲಿಗೆವ್ವ ಒಳಗಿನಿಂದ "ಏನ್ರಿ" ಎಂದಳು. "ಏನಿಲ್ಲ, ಉಪ್ಪ ಐತೇನು" ಎಂದು ದುರ್ಗವ್ವ ಉಪ್ಪು ಕಡ ತಂದಳು. ಅವಳ ಮನೆಯಲ್ಲಿ ಉಪ್ಪು ಮಡಕೆ ತುಂಬ ಇತ್ತು.

ಸುದ್ದಿ ಬಾವಿಗೆ ಹೋಯಿತು, ಬಾವಿಯಿಂದ ಹಿಟ್ಟಿನ ಗಿರಣಿಗೆ, ಅಲ್ಲಿಂದ ಎಲ್ಲ ಕಡೆಗೆ. ಮೊದಮೊದಲು ರುಕ್ಮವ್ವನನ್ನು ನೋಡಿ ನಗುತ್ತಿದ್ದ ಹೆಂಗಸರು ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದರು. ಲೆಕ್ಕ ಕೂಡಲಿಲ್ಲ. ಅವತ್ತಿನಿಂದ ರುಕ್ಮವ್ವ ಬಾವಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳು ಮನಗೂಳಿಯ ಹುಡುಗಿ, ಮಾತು ಕಡಿಮೆ. ಡೋಣಿ ಹೊಳೆಯ ದಂಡೆಯಲ್ಲಿ ಬೆಳೆದವಳು, 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎಂದು ತವರಿನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಈಗ ಅದನ್ನೂ ಹೇಳುವುದು ಬಿಟ್ಟಳು.

ಮನೆಯೊಳಗೆ ಅವಳು ಏನೂ ಕೇಳಲಿಲ್ಲ. ಅತ್ತೆ ಕೊಡ ಎತ್ತಲು ಬಗ್ಗಿದರೆ ತಾನು ಮುಂದೆ ಬಂದು ಎತ್ತಿಕೊಳ್ಳುತ್ತಿದ್ದಳು. ಒಗ್ಗರಣೆಯ ಹೊಗೆ ಏಳುವ ಮುಂಚೆ, "ನೀವು ಹೊರಗ ಕುಂಡ್ರರಿ ಅತ್ತಿ, ನಾ ನೋಡ್ಕೋತೇನಿ" ಎನ್ನುತ್ತಿದ್ದಳು. ಒಳ್ಳೆಯ ಸೊಸೆ, ಚುರುಕಾಗಿದ್ದಾಳೆ ಎಂದಷ್ಟೇ ದುರ್ಗವ್ವ ತಿಳಿದಳು. ಅದಕ್ಕಿಂತ ಹೆಚ್ಚು ತಿಳಿಯುವುದು ಅವಳಿಗೆ ಬೇಡವಾಗಿತ್ತು.

ಒಂದು ಸಂಜೆ ರುಕ್ಮವ್ವ ಖಾಲಿ ಕೊಡ ಹಿಡಿದು ಬಾವಿಯಿಂದ ವಾಪಸ್ಸು ಬಂದಳು. ಕಣ್ಣು ಕೆಂಪಾಗಿದ್ದವು.

"ಯಾಕವ್ವ, ನೀರ ಸಿಗಲಿಲ್ಲೇನು?"

"ಬಾವಿ ಹಗ್ಗ ನಾ ಮುಟ್ಟಬಾರದಂತ ಅಂದ್ರು."

"ಯಾರಂದ್ರು?"

"ಎಲ್ಲಾರೂ" ಎಂದಳು ರುಕ್ಮವ್ವ. ಅತ್ತೆಯ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಳು, ಅವಳು ಏನಾದರೂ ಹೇಳಲಿ ಎಂಬಂತೆ. ದುರ್ಗವ್ವ ಒಲೆಯ ಕಡೆ ತಿರುಗಿ, ಉರಿಯುತ್ತಿದ್ದ ಕಟ್ಟಿಗೆಯನ್ನು ಸುಮ್ಮನೆ ಹಿಂದೆ ಮುಂದೆ ಮಾಡಿದಳು. ಹೇಳುತ್ತೇನೆ, ಹಬ್ಬ ಒಂದು ಆಗಲಿ, ಹಬ್ಬದ ಗದ್ದಲದಲ್ಲಿ ಊರು ಇದನ್ನು ಮರೆಯುತ್ತದೆ, ಸಿದ್ರಾಮ ದೀಪಾವಳಿಗೆ ಬರುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ದೀಪಾವಳಿಗೆ ತನ್ನ ಹೊಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲವೇ ಎಂದು ಕೇಳಿಕೊಳ್ಳಲಿಲ್ಲ. ನಾಚಿಕೆ ಮನುಷ್ಯನನ್ನು ಎಷ್ಟು ದಡ್ಡನನ್ನಾಗಿ ಮಾಡುತ್ತದೆ ಎಂದರೆ, ಹುಣಸೆ ಬೀಜ ನೆಲದಲ್ಲಿ ಹೂತವನೇ ಗಿಡ ಬೆಳೆಯುವುದಿಲ್ಲ ಬಿಡು ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ.

ಸೀಗಿ ಹುಣ್ಣಿಮೆ ಬಂತು. ದುರ್ಗವ್ವ ನಸುಕಿನಲ್ಲೆದ್ದು ಕಡುಬು ಮಾಡಿದಳು. ಸೀರೆಯನ್ನು ದೊಡ್ಡ ನಿರಿಗೆ ಹಿಡಿದು ಉಟ್ಟು, ಮೇಲೆ ಸೆರಗು ಅಗಲವಾಗಿ ಹೊದ್ದಳು. ರುಕ್ಮವ್ವ ಬರುವುದಿಲ್ಲ ಎಂದಳು. "ಬರಲಿಲ್ಲಂದ್ರ ಮಂದಿ ಇನ್ನಷ್ಟು ಮಾತಾಡ್ತಾರ" ಎಂದಳು ದುರ್ಗವ್ವ. ಅದು ನಿಜವೂ ಆಗಿತ್ತು. ರುಕ್ಮವ್ವ ಬುಟ್ಟಿ ಹೊತ್ತು ಹಿಂದೆ ಬಂದಳು.

ಹೊಲದಲ್ಲಿ ತೊಗರಿ ಹೂ ಬಿಟ್ಟಿತ್ತು. ಹಿಂಗಾರಿಯ ಜೋಳ ಆಗಷ್ಟೇ ಬಿತ್ತಿದ ಸಾಲುಗಳು ಕಪ್ಪಗೆ, ತೇವವಾಗಿ ಮಲಗಿದ್ದವು. ಬನ್ನಿಗಿಡದ ಬುಡದಲ್ಲಿ ಭೀಮಶ್ಯಾ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪೂಜೆ ಮುಗಿಸಿ, ರುಮಾಲು ಇನ್ನೂ ಕೆಳಗೆ ಎಳೆದುಕೊಂಡು ಗಂಡಸರ ಜೊತೆ ಚರಗ ಚೆಲ್ಲಲು ಹೋದ. ಕಲಸಿದ ಅನ್ನ, ಪಲ್ಯ, ಕಡುಬಿನ ಚೂರುಗಳನ್ನು ಮುಷ್ಟಿಯಲ್ಲಿ ತೆಗೆದು ನಾಲ್ಕೂ ದಿಕ್ಕಿಗೆ ಎಸೆಯುತ್ತ ಒಬ್ಬರು "ಹುಲ್ಲುಲ್ಲಿಗ್ಯೋ" ಎನ್ನುತ್ತಿದ್ದರು, ಇನ್ನೊಬ್ಬರು "ಸಲಾಂಬರಿಗ್ಯೋ" ಎನ್ನುತ್ತಿದ್ದರು. ದನಿಗಳು ಒಡ್ಡಿನಾಚೆ ದೂರವಾದವು. ಗಿಡದ ಕೆಳಗೆ ಹೆಂಗಸರಷ್ಟೇ ಉಳಿದರು.

ದುರ್ಗವ್ವ ಮಣ್ಣಿನ ಪಾಲಿಗೆಂದು ಸಣ್ಣ ಗುಂಡಿ ತೋಡಿ, ಅದರ ಮುಂದೆ ಪತ್ರಾವಳಿ ಹಾಸಿದಳು, ಬಡಿಸಿದಳು. ಈಗ ಕರೆಯಬೇಕು. ಇಷ್ಟು ವರ್ಷ ಕರೆದಿದ್ದವಳು ಈಗ ಬಡಿಸಿದ್ದನ್ನೇ ಇನ್ನೊಮ್ಮೆ ಸರಿಮಾಡಿದಳು. ಎಲೆಯ ಆಚೆ ಮಣ್ಣು, ಅವಳು ತಿಂದ ಮಣ್ಣು, ಬಾಯ್ಬಿಟ್ಟು ಕೂತ ಹಾಗಿತ್ತು. ಕೊನೆಗೆ ಅವಳು ಹೇಳಿದ್ದು ಎದುರಿದ್ದವರಿಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ.

"ತಾಯಿ ಒಬ್ಬಾಕೀನ ಉಣ್ಣಾಂಗಿಲ್ಲ. ಜೋಡಿ ಯಾರ ಬರ್ತೀರಿ?"

ಯಾರೂ ಏಳಲಿಲ್ಲ. ದುರ್ಗವ್ವ ಆತುರದಿಂದ ಬಗ್ಗಿ, "ಯಾರೂ ಇಲ್ಲಲ್ಲ, ಹಂಗಾದ್ರ ಎಲ್ಲಾ ಮಣ್ಣಿಗೆ" ಎಂದು ಗುಂಡಿಯ ಮಣ್ಣು ಸರಿಸಲು ಕೈ ಹಾಕಿದಳು.

"ತಡೀರಿ" ಎಂದಳು ಹುಲಿಗೆವ್ವ. "ನಿಮ್ಮ ಸೊಸಿ ಅದಾಳಲ್ಲ. ಪಿತ್ತ ಆಗೈತಿ ಅಂದಿದ್ರಿ."

"ಪಿತ್ತ ಅಂದ್ರ ಪಿತ್ತನ" ಎಂದಳು ದುರ್ಗವ್ವ, ತಲೆ ಎತ್ತದೆ.

"ನಾವೇನು ಹಾಲ ಕುಡ್ಯೂ ಮಕ್ಕಳಲ್ಲ. ಯಾರದರ ಇರಲಿ, ಹೆಂಗರ ಇರಲಿ, ಹೊಟ್ಟ್ಯಾಗ ಐತೋ ಇಲ್ಲೋ? ಮುಚ್ಚಿಟ್ಟು ಕುಂತರ ನಮ್ಮ ಜ್ವಾಳ ಜೊಳ್ಳ ಆಗತೈತಿ. ನಿಮ್ಮ ಮನಿ ಮಾನಕ್ಕ ನಾವ್ಯಾಕ ಬೆಳಿ ಕಳಕೋಬೇಕು?"

ಇನ್ನೊಬ್ಬಳು ಹೌದು ಎಂದಳು, ಮತ್ತೊಬ್ಬಳು. ಅವರ ಮಾತು ಒರಟಾಗಿತ್ತು, ಆದರೆ ಹೆದರಿಕೆ ಖರೇನೇ ಇತ್ತು. ಅವರ ವರ್ಷದ ರೊಟ್ಟಿ ಆ ಕಪ್ಪು ಸಾಲುಗಳಲ್ಲಿತ್ತು.

"ನಾ ಅಲ್ಲರಿ" ಎಂದಳು ರುಕ್ಮವ್ವ.

"ಮತ್ತ ಯಾರು? ನಿಮ್ಮ ಮನ್ಯಾಗ ಇನ್ಯಾರದಾರ?"

ಆ ಪ್ರಶ್ನೆಗೆ ಉತ್ತರ ಎಲ್ಲರ ನಡುವೆ ಅಗಲ ಸೆರಗು ಹೊದ್ದು ಕೂತಿತ್ತು. ಯಾರಿಗೂ ಕಾಣಲಿಲ್ಲ. ಅತ್ತೆ ಎಂಬ ಮಾತಿನೊಳಗೆ ಬಸುರು ಹಿಡಿಸುತ್ತದೆ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಜೈತುನಬಿಯೊಬ್ಬಳು ದುರ್ಗವ್ವನನ್ನೇ ನೋಡುತ್ತಿದ್ದಳು, ಆಣೆ ಅವಳ ಬಾಯಿಗೆ ಬೀಗ ಹಾಕಿತ್ತು. ರುಕ್ಮವ್ವನೂ ನೋಡುತ್ತಿದ್ದಳು. ಆ ನೋಟದಲ್ಲಿ ಕೇಳುವುದು ಏನೂ ಇರಲಿಲ್ಲ, ಕಾಯುವುದಿತ್ತು. ಇವಳಿಗೆ ಗೊತ್ತಿದೆ, ಎಲ್ಲ ಗೊತ್ತಿದೆ ಎಂದು ದುರ್ಗವ್ವನಿಗೆ ಆಗ ತಿಳಿಯಿತು. ಒಂದು ಮಾತು ಅಂದರೆ ಈ ಹುಡುಗಿ ಪಾರು, ಆದರೂ ಅನ್ನುತ್ತಿಲ್ಲ.

ಈಗ ಏಳು ಎಂದು ಮನಸ್ಸು ಹೇಳಿತು. ದುರ್ಗವ್ವ ಎಲೆಯ ತುದಿ ಸರಿಪಡಿಸಿದಳು. ಕಡುಬಿನ ಮೇಲೆ ಕೂತ ನೊಣ ಓಡಿಸಿದಳು.

ಹುಲಿಗೆವ್ವ ಎದ್ದು ಬಂದು ರುಕ್ಮವ್ವನ ತೋಳು ಹಿಡಿದಳು. "ಕುಂಡ್ರು ಬಾ. ಮೊದಲ ಭೂಮಿತಾಯಿದು ಮುಗೀಲಿ. ಆಮ್ಯಾಲ ಮನಗೂಳಿಗೆ ಹೇಳಿ ಕಳಸ್ತೇವಿ, ನಿಮ್ಮಪ್ಪ ಬಂದು ಕರಕೊಂಡು ಹೋಗಲಿ. ಸಿದ್ರಾಮ ಏನ ಮಾಡ್ತಾನೋ ಅವನ ನೋಡ್ಕೋತಾನ." ಇನ್ನಿಬ್ಬರು ಹಿಂದಿನಿಂದ ತಳ್ಳಿದರು. ರುಕ್ಮವ್ವ ಕೊಸರಾಡಲಿಲ್ಲ. ಎಲೆಯ ಮುಂದೆ ಕೂತಳು. ಯಾರೋ ಒಂದು ಕಡುಬು ಅವಳ ಕೈಗೆ ತುರುಕಿದರು. ಹಿಂದಿನಿಂದ ಒಬ್ಬಾಕೆ ಒಂದು ಮಾತು ಅಂದಳು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಅತ್ತೆಯೂ ಕೇಳಿದಳು, ಸೊಸೆಯೂ ಕೇಳಿದಳು.

"ತಿನ್ನು" ಎಂದಳು ಹುಲಿಗೆವ್ವ.

ರುಕ್ಮವ್ವ ಕಡುಬನ್ನು ಎಲೆಯ ಮೇಲೆ ವಾಪಸ್ಸಿಟ್ಟಳು. "ತಿನ್ನಾಂಗಿಲ್ಲರಿ. ನನ್ನ ಪಾಲಲ್ಲ ಇದು. ನನ್ನ ಏನರ ಅನ್ರಿ, ಅನ್ನಿಸ್ಕೋತೇನಿ. ಮಣ್ಣಿನ ಮುಂದ ಕುಂತು ಸುಳ್ಳ ಉಣ್ಣಾಂಗಿಲ್ಲ."

ದುರ್ಗವ್ವ ಎದ್ದಳು. ಧೈರ್ಯ ಬಂದು ಎದ್ದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನು ಕೂತಿರುವುದು ಏಳುವುದಕ್ಕಿಂತ ಕಷ್ಟವಾಯಿತು, ಅಷ್ಟೇ. ಅವಳು ಬಂದು ಸೊಸೆಯ ಭುಜ ಮುಟ್ಟಿದಳು.

"ಏಳವ್ವ. ಅದು ನಂದು."

ರುಕ್ಮವ್ವ ಎದ್ದು ಪಕ್ಕಕ್ಕೆ ಸರಿದಳು. ದುರ್ಗವ್ವ ಅವಳ ಜಾಗದಲ್ಲಿ ಕೂತು, ಕಡುಬು ಮುರಿದು, ಅರ್ಧ ಗುಂಡಿಗೆ ಹಾಕಿ, ಅರ್ಧ ಬಾಯಿಗಿಟ್ಟಳು. "ಅವತ್ತ ಕಾರಿದಾಕಿ ನಾನು. ಸೊಸಿ ಮ್ಯಾಲ ಹಾಕಿದೆ" ಎಂದಳು. ಬಾಯಲ್ಲಿ ಕಡುಬು ಇದ್ದುದರಿಂದ ಮಾತು ಮುದ್ದೆಯಾಗಿ ಬಂತು, ಆದರೆ ಎಲ್ಲರಿಗೂ ತಿಳಿಯಿತು.

ಎಲ್ಲರ ಕಣ್ಣೂ ಅವಳ ಅಗಲ ಸೆರಗಿನ ಮೇಲೆ ಬಿದ್ದವು. ಆಮೇಲೆ ಹಲ್ಲಿಲ್ಲದ ಮುದುಕಿಯೊಬ್ಬಳು ಕಿಸಕ್ಕೆಂದಳು. ಅಲ್ಲಿಂದ ನಗು ಹರಿಯಿತು. ಹುಲಿಗೆವ್ವ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. "ಭೀಮಶ್ಯಾ ಸಂತೆಸಂತೆ ತಿರಗತಿದ್ದ, ನಾ ಎತ್ತಿಗಿ ಅಂತ ತಿಳದಿದ್ದೆ" ಎಂದಳು ಒಬ್ಬಳು. ಇನ್ನೊಬ್ಬಳು, "ತೊಟ್ಟಿಲಾ ಒಂದ ಸಾಕೇನ್ರಿ ದುರ್ಗವ್ವ, ಪಾಳಿ ಹಚ್ಚಬೇಕೇನು?" ಎಂದಳು. ತನ್ನದೇ ಮಾತು, ಸುತ್ತಿ ಬಳಸಿ ಮನೆಗೆ ಬಂದಿತ್ತು. ಒಡ್ಡಿನ ಮೇಲಿದ್ದ ಗಂಡಸರು ಏನಾಯಿತೆಂದು ತಿರುಗಿ ನೋಡಿದರು. ಭೀಮಶ್ಯಾ ಮಾತ್ರ ತಿರುಗಲಿಲ್ಲ, ಇನ್ನೂ ದೂರಕ್ಕೆ ಚರಗ ಚೆಲ್ಲುತ್ತ ನಡೆದ.

ದುರ್ಗವ್ವ ತಲೆ ತಗ್ಗಿಸಿ ತಿಂದಳು. ಕಿವಿ ಸುಡುತ್ತಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿ ಎದುರಿಗೇ ಇತ್ತು, ತನ್ನ ಪಾಲಿನ ಕಡುಬು ತಿನ್ನುತ್ತ ಸುಮ್ಮನಿತ್ತು. ಅವಳು ಇನ್ನೊಂದು ಮುರಿದಳು. ಅದು ಮುಗಿಯುವ ಹೊತ್ತಿಗೆ ನಗು ಇಳಿದು ಹರಟೆಯಾಯಿತು. ಯಾರಿಗೋ ಹೀಗೇ ಆಗಿತ್ತು, ಆ ಕೂಸೇ ಕಡೆಗಾಲಕ್ಕೆ ಅವರನ್ನು ನೋಡಿಕೊಂಡಿತು ಎಂದು ಒಬ್ಬಳು ಹೇಳಿದಳು. ಜೈತುನಬಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, ಎಲೆಗೆ ಇನ್ನಷ್ಟು ಪುಂಡಿಪಲ್ಯ ಬಡಿಸಿದಳು. ಹುಲಿಗೆವ್ವ ತನ್ನ ಬುಟ್ಟಿಯಿಂದ ಹುಣಸೆಯ ತೊಕ್ಕು ತೆಗೆದು, "ನಿನಗ ಬೇಕಾಗಿದ್ದೀತು ತಗೋ" ಎಂದಳು. ಇಷ್ಟು ದಿನ ಹುಲಿ ಎಂದು ಹೆದರಿ ಓಡಿದ್ದು ಇದಕ್ಕೇ ಏನು? ನಾಲ್ಕು ಕಡುಬು ತಿಂದು ಮುಗಿಸುವ ಹೊತ್ತಿನಲ್ಲಿ ಮುಗಿದುಹೋಯಿತಲ್ಲ ಎಂದು ದುರ್ಗವ್ವನಿಗೆ ಅನ್ನಿಸಿತು. ಎದೆ ಹಗುರಾಯಿತು. ಅವಳು ತೊಕ್ಕು ನೆಕ್ಕಿ, ತಾನೂ ಸ್ವಲ್ಪ ನಕ್ಕಳು.

ಆಗ ಸೊಸೆಯ ನೆನಪಾಗಿ ಸುತ್ತ ನೋಡಿದಳು.

ರುಕ್ಮವ್ವ ಗುಂಪಿನಲ್ಲಿ ಇರಲಿಲ್ಲ. ಯಾರೂ ಅವಳನ್ನು ಕರೆದು ತಪ್ಪಾಯಿತು ಎಂದಿರಲಿಲ್ಲ. ಹಿಂದಿನಿಂದ ಆ ಕೆಟ್ಟ ಮಾತು ಅಂದವಳು ಈಗ ಹೋಳಿಗೆ ಹಂಚುತ್ತಿದ್ದಳು. ರುಕ್ಮವ್ವ ಕಲ್ಲವ್ವನ ಒಡ್ಡಿನ ಕೆಳಗೆ, ತೊಗರಿಯ ಸಾಲಿನ ತುದಿಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಕೂತಿದ್ದಳು. ಅಳುತ್ತಿರಲಿಲ್ಲ. ತೋಳಿನ ಮೇಲೆ ಹುಲಿಗೆವ್ವ ಹಿಡಿದಲ್ಲಿ ಒಡೆದ ಬಳೆ ಗೀರಿತ್ತು, ಅದಕ್ಕೆ ಮಣ್ಣು ಒತ್ತಿ ಹಿಡಿದಿದ್ದಳು.

ದುರ್ಗವ್ವ ಒಂದು ಎಲೆಯಲ್ಲಿ ಕಡುಬು, ಹೋಳಿಗೆ ಹಾಕಿಕೊಂಡು ಹೋಗಿ ಅವಳ ಪಕ್ಕ ಕೂತಳು.

"ಉಣ್ಣವ್ವ. ಎಲ್ಲಾ ಮುಗೀತು. ಇನ್ಯಾರೂ ನಿನಗೇನೂ ಅನ್ನಾಂಗಿಲ್ಲ."

ರುಕ್ಮವ್ವ ಎಲೆಯನ್ನು ನೋಡಲಿಲ್ಲ.

"ನಿನಗ ಯಾವಾಗ ಗೊತ್ತಾತು?" ಎಂದಳು ದುರ್ಗವ್ವ.

"ನೀವು ಮಣ್ಣ ತಿಂದ ದಿನಾನ. ಬಾಯಿ ಒರಸ್ಕೊಂಡ ಸೆರಗ ನಾನ ಒಗದೇನಿ."

"ಮತ್ತ ಯಾಕ ಸುಮ್ಮನಿದ್ದಿ? ಬಾವಿ ಮ್ಯಾಲ ಹೇಳಬೇಕಿತ್ತು."

"ನೀವು ಹೇಳ್ತೀರಿ ಅಂತ ಸುಮ್ಮನಿದ್ದೆ. ನಿಮ್ಮ ಮಾತು ನಿಮ್ಮ ಬಾಯಿಲೆ ಬರಲಿ ಅಂತ."

ದುರ್ಗವ್ವ ಎಲೆಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದಳು. "ನನಗ ಭಾಳ ನಾಚಿಕಿ ಆಗಿತ್ತವ್ವ" ಎಂದಳು. ಅದು ನಿಜವೂ ಆಗಿತ್ತು.

ರುಕ್ಮವ್ವ ಮೊದಲ ಸಲ ಅವಳ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಹೆಚ್ಚು ಉರಿಯಿತು.

"ಖರೇ ಐತ್ರಿ ಅತ್ತಿ. ನೀವು ನೊಣ ಓಡಸಾಕತ್ತಿದ್ರಿ, ನಾ ನೋಡಿದೆ. ನೀವು ಏಳೂ ಮಟಾ ನಾ ಅಲ್ಲಿ ಹಾದರಗಿತ್ತಿ ಆಗಿ ಕುಂತಿದ್ದೆ. ನಿಮ್ಮ ನಾಚಿಕಿ ಮಂದಿ ನಗ್ಯಾಗ ತೊಳಕೊಂಡು ಹೋತು. ನಂದು ಯಾರ ತೊಳೀತಾರ?"

ದುರ್ಗವ್ವ ಬಾಯಿ ತೆರೆದಳು. ಮೂರು ಹೊಲದಾಚೆ ಕೇಳಿಸುವ ಬಾಯಿ ಅದು. ಬನ್ನಿಗಿಡದ ಕೆಳಗಿನಿಂದ ಯಾರೋ ದುರ್ಗವ್ವನ ಹೆಸರು ಹಿಡಿದು ಕರೆದರು, ಬಸುರಿ ಬಿಸಿಲಲ್ಲಿ ಕೂರಬಾರದು ಬಾರವ್ವ ಎಂದು ಅಕ್ಕರೆಯಿಂದ ಗದರಿದರು. ಅವಳು ಏಳಲಿಲ್ಲ, ಸೊಸೆಯ ಮುಖ ನೋಡಲಾರದೆ ಇಬ್ಬರ ನಡುವೆ ಇದ್ದ ಎಲೆಯನ್ನು ನೋಡುತ್ತ ಕೂತಳು.